ಮೊದಲ ಬಸ್ಸಿಗೆ ಮುಂಚಿನ ಟೀ

ಮೇಲಿನ ಕೋಣೆಗೆ ಆ ಇಬ್ಬರು ಬಾಡಿಗೆಗೆ ಬಂದ ದಿನವೇ ಅಜ್ಜಿ ಅವರಿಗೆ ಹೆಸರಿಟ್ಟಾಗಿತ್ತು. ಬಾಗಿಲ ಚೌಕಟ್ಟಿಗೆ ಹಣೆ ತಗುಲಿಸಿಕೊಂಡು ಒಳಬಂದವನು ಏಣಿ. ಕೂರುವ ಮೊದಲೇ ಮಣಿಕಟ್ಟು ತಿರುಗಿಸಿ ಹೊತ್ತು ನೋಡಿಕೊಂಡವನು ಗಡಿಯಾರ. ಹೆತ್ತವರು ಇಟ್ಟ ಹೆಸರು ಇಬ್ಬರ ಬಿಳಿ ಅಂಗಿಯ ಜೇಬಿನ ಮೇಲೂ ಕಪ್ಪು ಬಿಲ್ಲೆಯಲ್ಲಿ ಇತ್ತು. ಆದರೆ ಅಜ್ಜಿಯ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಮನೆಯ ಉಳಿದವರ ನಾಲಿಗೆಗೆ ಆ ಪರದೇಶಿ ಹೆಸರು ಹೊರಳುತ್ತಿರಲಿಲ್ಲ. ಹಾಗಾಗಿ ಅಜ್ಜಿ ಇಟ್ಟದ್ದೇ ನಿಂತಿತು.

ಇಬ್ಬರನ್ನೂ ಅವರ ಕ್ರೈಸ್ತ ಸಭೆ ಎರಡು ವರ್ಷದ ಸೇವೆಗೆಂದು ಕಡಲಾಚೆ ಕಳಿಸಿತ್ತು. ಏಣಿಗೆ ಇಪ್ಪತ್ತೊಂದು ವಯಸ್ಸು. ಅವನದು ಅರ್ಧ ಮುಗಿದಿತ್ತು. ಗಡಿಯಾರ ಅವನಿಗಿಂತ ಕಿರಿಯ, ಹೊಸಬ. ಕೆಲಸ ಹೇಳಿಕೊಳ್ಳಲು ಸುಲಭ: ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕುವುದು, ಓದುವುದು, ಈ ಊರಿನ ಭಾಷೆಯ ಪಾಠ ಒಪ್ಪಿಸುವುದು, ಆಮೇಲೆ ಬೀದಿಗಿಳಿದು ಬಾಗಿಲು ತಟ್ಟುವುದು. ಇಬ್ಬರೂ ಒಬ್ಬರ ಕಣ್ಣಿಂದ ಒಬ್ಬರು ಮರೆಯಾಗಬಾರದು. ಒಬ್ಬ ಕ್ಷೌರಕ್ಕೆ ಹೋದರೆ ಇನ್ನೊಬ್ಬ ಬೆಂಚಿನ ಮೇಲೆ ಕಾಯಬೇಕು. ಬಾಗಿಲುಗಳು ತೆರೆಯುವುದಕ್ಕಿಂತ ಮುಚ್ಚುವುದೇ ಹೆಚ್ಚು. ಕೆಲವರು ನಯವಾಗಿ ಮುಚ್ಚುತ್ತಿದ್ದರು, ಕೆಲವರು ನಾಯಿಯನ್ನು ಕರೆಯುತ್ತಿದ್ದರು. ಏಣಿ ಸೇವೆಗೆ ಬಂದಮೇಲೆ ಅವನ ಮಾತು ಕೇಳಿ ದೀಕ್ಷಾಸ್ನಾನಕ್ಕೆ ಒಪ್ಪಿದ ಒಂದು ನರಪಿಳ್ಳೆಯೂ ಇರಲಿಲ್ಲ.

ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಬಹುದಿತ್ತು. ಅಮ್ಮ ಊಟ, ನಿದ್ದೆ, ಬೂಟಿನ ಅಟ್ಟೆ ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಿದ್ದಳು.

"ಯಾರಾದ್ರೂ ಸಿಕ್ಕಿದ್ರಾ?"

"ಇನ್ನೂ ಇಲ್ಲಮ್ಮ."

"ಸಿಗ್ತಾರೆ ಬಿಡು. ನಿಮ್ಮಪ್ಪಂಗೆ ಹೇಳಲ್ಲ."

ಅಪ್ಪ ಅಲ್ಲೇ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದು ಕುರ್ಚಿಯ ಸದ್ದಿನಲ್ಲೇ ಏಣಿಗೆ ಗೊತ್ತಾಗುತ್ತಿತ್ತು.

ಕೆಳಗಿನ ಮನೆಯಲ್ಲಿ ನಾಲ್ಕು ಜನ. ಅಜ್ಜಿ, ನಗರದ ಬಸ್ಸಿನ ಡ್ರೈವರ್ ಆಗಿದ್ದ ಅವಳ ಒಬ್ಬನೇ ಮಗ, ಮನೆಯ ಮುಂಭಾಗದಲ್ಲೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದ ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಬಾಡಿಗೆಯಲ್ಲೇ ರಾತ್ರಿಯ ಊಟವೂ ಸೇರಿತ್ತು. ಅದಕ್ಕೆ ಬದಲಾಗಿ ಏಣಿ ಮತ್ತು ಗಡಿಯಾರ ಊಟದ ಪಾತ್ರೆ ತೊಳೆಯಬೇಕು, ವಾರಕ್ಕೆರಡು ದಿನ ಅಂಗಡಿಯ ಒದ್ದೆ ಹಾಸುಹೊದಿಕೆ ಹಿಂಡಿ ಒಣಹಾಕಬೇಕು. ಎತ್ತರದ ಹಗ್ಗ ಏಣಿಗೆ ಕೈಯಳತೆ. "ದೇವರು ಸೇವೆಗೆ ಕಳಿಸಿದ್ದು ಸರಿ, ಆದ್ರೆ ವಿಳಾಸ ನಮ್ಮ ಹಿತ್ತಲದ್ದೇ ಕೊಟ್ಟಿದ್ದಾನೆ" ಎಂದು ಸೊಸೆ ನಗುತ್ತಿದ್ದಳು.

ಪಾತ್ರೆ ತೊಳೆಯುವಾಗ ಅಜ್ಜಿ ಅಡುಗೆಮನೆಯ ಬೆಂಚಿನ ಮೇಲೆ ಕೂತು ಮಾತಿಗೆಳೆಯುವಳು. ಏಣಿ ಈ ಭಾಷೆಯನ್ನು ಪುಸ್ತಕದಿಂದ ಕಲಿತವನು.

"ಅಜ್ಜಿ, ತಾವು ಈ ದಿನ ಕ್ಷೇಮವಾಗಿರುವಿರಾ?"

"ಕ್ಷೇಮವಾಗಿರುವೆನು, ಮಹಾರಾಜ! ಸರಿಯಾಗಿ ಮಾತಾಡೋ. ಭಾಷಣ ಕೇಳ್ದಂಗಿದೆ."

ಒಂದು ದಿನ ಅವಳೇ ಕೇಳಿದಳು, ದಿನಾ ಬೀದಿ ಸುತ್ತಿ ಅದೇನು ಹೇಳುತ್ತೀರಿ, ನನಗೂ ಹೇಳಿ ಎಂದು. ಏಣಿಯ ಕೈಯಿಂದ ಸೋಪಿನ ತಟ್ಟೆ ಜಾರಿತು. ಅಂದಿನಿಂದ ಊಟವಾದಮೇಲೆ ಮುಂದಿನ ಕೋಣೆಯಲ್ಲಿ ಪಾಠ. ಅಜ್ಜಿ ಒಳ್ಳೆಯ ವಿದ್ಯಾರ್ಥಿನಿ. ಒಪ್ಪಿಗೆಯಾಗುವವರೆಗೆ ಮುಂದೆ ಹೋಗಲು ಬಿಡುತ್ತಿರಲಿಲ್ಲ.

"ಹೋದವರು ಮತ್ತೆ ಸಿಗ್ತಾರೆ ಅಂತೀಯ?"

"ಸಿಗುತ್ತಾರೆ, ಅಜ್ಜಿ."

"ಎಲ್ರೂ?"

"ಕುಟುಂಬದವರೆಲ್ಲರೂ."

"ನಮ್ಮತ್ತೇನೂ?"

"ಅವರೂ."

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದ್ರೆ ಈ ಪಾಠ ನಾಳೆಗಿರಲಿ."

ಮೊಮ್ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಡ್ರೈವರ್ ಮಾತ್ರ ಆ ಹೊತ್ತಿಗೆ ಮಲಗಿರುತ್ತಿದ್ದ. ನಸುಕಿನ ಮೊದಲ ಬಸ್ಸು ಅವನದು.

ಅಜ್ಜಿ ಆ ನಾಳೆಯ ಪಾಠವನ್ನೂ ಕೇಳಿದಳು, ಅದರ ಮುಂದಿನದನ್ನೂ. ಒಂದು ಸಂಜೆ, ಯಾರೂ ಕೇಳದಿದ್ದರೂ, "ನಾನು ಆ ಸ್ನಾನ ತಗೋತೀನಿ" ಎಂದಳು. ಗಡಿಯಾರ ಹೊತ್ತು ನೋಡುವುದನ್ನೂ ಮರೆತ. ಏಣಿ ಉಳಿದ ನಿಯಮಗಳನ್ನು ಒಂದೊಂದಾಗಿ ಹೇಳಿದ. ಹೆಂಡ ಕುಡಿಯಬಾರದು. ಅವಳು ಎಂದೂ ಮುಟ್ಟಿದವಳಲ್ಲ. ಹೊಗೆಸೊಪ್ಪು ಸಲ್ಲದು. ಅದೂ ಇಲ್ಲ. ಟೀ, ಕಾಫಿ ಬಿಡಬೇಕು.

"ಟೀನೂ?"

"ಟೀಯೂ, ಅಜ್ಜಿ. ಅದು ನಮ್ಮ ಸಭೆಯ ನಿಯಮ. ಕಷ್ಟವಾದರೆ ಬಿಸಿನೀರು ಕುಡಿಯಬಹುದು."

ಹೊಸದಾಗಿ ಕಲಿತ ಪದವೊಂದನ್ನು ಸರಿಯಾಗಿ ಬಳಸಿದವನ ಹುರುಪಿನಲ್ಲಿ ಅವನು ಇದನ್ನು ಹೇಳಿದ. ಅಜ್ಜಿ ಕೈಬೆರಳ ಉಂಗುರವನ್ನು ಒಂದು ಸುತ್ತು ತಿರುಗಿಸಿದಳು. ಅಡುಗೆಮನೆಯ ಕಡೆ ನೋಡಿದಳು.

"ಸರಿ," ಎಂದಳು.

ಮರುದಿನ ನಸುಕಿನಲ್ಲಿ ಮೇಲಿನ ಕೋಣೆಯಲ್ಲಿ ಏಣಿಗೆ ಎಚ್ಚರವಾಯಿತು. ಕೆಳಗಿನ ಅಡುಗೆಮನೆಯ ಹೊಗೆಕಿಂಡಿ ಅವನ ಮಂಚದ ತಲೆಯ ಬಳಿಯೇ ಹಾದುಹೋಗುತ್ತಿತ್ತು. ದಿನವೂ ಆ ಹೊತ್ತಿನಲ್ಲಿ ಅದರೊಳಗಿಂದ ಸ್ಟವ್ ಹಚ್ಚಿದ ಸದ್ದು, ಎರಡು ಕಪ್ಪು ಇಟ್ಟ ಸದ್ದು ಏರಿಬರುತ್ತಿತ್ತು, ಆಮೇಲೆ ಏನೂ ಇಲ್ಲ, ಬೆಂಚು ಎಳೆದ ಸದ್ದು, ಬಾಗಿಲು. ಅಷ್ಟು ಹೊತ್ತೂ ಮಾತಿರುತ್ತಿರಲಿಲ್ಲ. ಅರೆನಿದ್ದೆಯಲ್ಲಿ ಏಣಿ ಅದನ್ನು ಕೇಳಿ ಮತ್ತೆ ಮಗ್ಗುಲು ಬದಲಿಸುತ್ತಿದ್ದ. ಇಂದು ಮಾತು ಬಂತು.

"ಇದೇನಮ್ಮ, ಒಂದೇ ಕಪ್ಪು?"

"ನಿನಗೆ. ನಾನು ಬಿಸಿನೀರು ಕುಡೀತೀನಿ."

"ಯಾಕೆ, ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆಗೇನಾಗಿದೆ. ಬಿಟ್ಟೆ."

"ಏನು ಬಿಟ್ಟೆ?"

"ಟೀ."

ಕಪ್ಪು ಕೆಳಗಿಟ್ಟ ಸದ್ದು. ಆಮೇಲೆ ಡ್ರೈವರ್ ಕೇಳಿದ: "ಮೇಲಿನವರು ಹೇಳಿದ್ರಾ?"

"ನಾನು ಕೇಳ್ದೆ, ಅವರು ಹೇಳಿದ್ರು."

"ನೀನು ಕುಡೀದಿದ್ರೆ ನನಗೂ ಬೇಡ."

ಸಿಂಕಿಗೆ ಏನೋ ಸುರಿದ ಸದ್ದು. ಬೆಂಚು ಎಳೆಯಲಿಲ್ಲ. ಬಾಗಿಲು ಎಂದಿಗಿಂತ ಬೇಗ ಹಾಕಿಕೊಂಡಿತು.

ಆ ಸಂಜೆ ಏಣಿ ಮತ್ತು ಗಡಿಯಾರ ಊಟಕ್ಕೆ ಇಳಿದಾಗ ಡ್ರೈವರ್ ಎದ್ದೇ ಇದ್ದ. ಮೇಜಿನ ಮೇಲೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ತರಕಾರಿ ಸೂಪು. ತಟ್ಟೆಗಳು ನಾಲ್ಕೇ.

"ನೋಡಿ," ಎಂದ ಡ್ರೈವರ್, ಕೂತಲ್ಲಿಂದ ಏಳದೆ. "ನಾನು ಬಾಡಿಗೆಗೆ ಕೊಟ್ಟಿರೋದು ಮೇಲಿನ ಕೋಣೆ. ಕೆಳಗಿನ ಮನೆ ಅಲ್ಲ, ನಮ್ಮಮ್ಮ ಅಲ್ಲ. ಉಂಡ ಮನೆಗೆ ಎರಡು ಬಗೆಯೋರಿಗೆ ಇನ್ನು ಇಲ್ಲಿ ಊಟ ಇಲ್ಲ."

"ರೀ, ಮಕ್ಕಳು ಹಸ್ಕೊಂಡು ಬಂದಿದ್ದಾರೆ," ಎಂದಳು ಸೊಸೆ.

"ಮಕ್ಕಳಂತೆ! ಊರಿಗೆಲ್ಲ ಬುದ್ಧಿ ಹೇಳೋ ಮಕ್ಕಳು. ದೇವರು ಕಳಿಸಿದ್ದಾನಲ್ಲ, ದೇವರೇ ಬಡಿಸಲಿ."

"ಅಣ್ಣ, ನಮ್ಮಿಂದ ಅಪರಾಧವಾಗಿದ್ದಲ್ಲಿ..." ಎಂದು ಏಣಿ ಶುರುಮಾಡಿದ.

"ಪುಸ್ತಕ ಮುಚ್ಚು," ಎಂದ ಡ್ರೈವರ್.

ಅಜ್ಜಿ ತನ್ನ ತಟ್ಟೆಯನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋದಳು. ಅಂದಿನಿಂದ ಅವಳ ಊಟ ಅಲ್ಲೇ.

ಅಲ್ಲಿಂದ ಮುಂದೆ ಮೇಲಿನ ಕೋಣೆಯಲ್ಲಿ ಗಡಿಯಾರನ ಅಡುಗೆ. ಅವನಿಗೆ ಮೊಟ್ಟೆ ಬೇಯಿಸಲು ಬರುತ್ತಿತ್ತು. ಬೇರೆ ಏನೂ ಬರುತ್ತಿರಲಿಲ್ಲ. ಏಣಿ ಆಲೂಗಡ್ಡೆ ಸೀಯಿಸಿದ. ಇಬ್ಬರೂ ಮಂಚದ ಮೇಲೆ ಎದುರುಬದುರು ಕೂತು ತಿನ್ನುವಾಗ ಗಡಿಯಾರ ಹೇಳಿದ, "ಒಂದು ಆತ್ಮ ಸಿಕ್ಕಿತು, ಎರಡು ಊಟ ಹೋಯಿತು."

"ತಮಾಷೆಯ ವಿಷಯವಲ್ಲ."

"ನನ್ನ ಹೊಟ್ಟೆಗೂ ತಮಾಷೆ ಅಲ್ಲ."

ಒಪ್ಪಂದ ಮುರಿದಿದ್ದರೂ ಹಿತ್ತಲಲ್ಲಿ ಬಟ್ಟೆ ಹಿಂಡುವ ಕೆಲಸವನ್ನು ಅವರು ಬಿಡಲಿಲ್ಲ. ಪಾಠವೂ ನಿಲ್ಲಲಿಲ್ಲ. ಮಗ ಮಲಗಿದ ಮೇಲೆ ಅಜ್ಜಿ ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುವಳು. ಅವರು ಹೊರಗೆ ನಿಂತೇ ಪಾಠ ಹೇಳುವರು.

ಮನೆ ಮಾತ್ರ ಹದ ತಪ್ಪಿತು. ಹೊಗೆಕಿಂಡಿಯಿಂದ ಅದೆಲ್ಲವೂ ಏಣಿಯ ಮಂಚಕ್ಕೆ ಬರುತ್ತಿತ್ತು. ಅಜ್ಜಿ ಏಳದಿದ್ದ ಕಾರಣ ನಸುಕಿನ ಟೀ ಈಗ ಸೊಸೆಯ ಪಾಲಿಗೆ ಬಂದಿತ್ತು.

"ಸಕ್ಕರೆ ಜಾಸ್ತಿ," ಎಂದ ಡ್ರೈವರ್ ಮೊದಲ ದಿನ.

"ನಾಳೆ ಕಮ್ಮಿ ಹಾಕ್ತೀನಿ."

ಮಾರನೆಯ ದಿನ: "ನೀರುನೀರಾಗಿದೆ."

ಅದರ ಮಾರನೆಯ ದಿನ: "ಬೇಡ ಬಿಡು, ಡಿಪೋ ಹತ್ರ ಕುಡೀತೀನಿ."

"ಹಗಲೆಲ್ಲ ಇಸ್ತ್ರಿಪೆಟ್ಟಿಗೆ ಹಿಡಿದು ಕೈ ಮರಗಟ್ಟಿರುತ್ತೆ, ಕೋಳಿ ಕೂಗೋ ಮುಂಚೆ ಎದ್ದು ಮಾಡಿಕೊಟ್ರೆ ಇದಾ ಮರ್ಯಾದೆ? ಅಮ್ಮ ಮಾಡೋ ಟೀಗೆ ಅಂಥಾದ್ದೇನು ಹಾಕ್ತಿದ್ರು, ಅದನ್ನಾದ್ರೂ ಹೇಳಿ."

"ಏನೂ ಹಾಕ್ತಿರಲಿಲ್ಲ."

"ಮತ್ತೆ?"

ಬಾಗಿಲು ಹಾಕಿಕೊಂಡ ಸದ್ದು.

ಡ್ರೈವರ್ ಮನೆಯಲ್ಲಿ ಮಾತು ನಿಲ್ಲಿಸಿದ. ತಾಯಿಗೆ ಹೇಳಬೇಕಾದ್ದನ್ನು ಮಗಳ ಮುಂದೆ ಹೇಳುವನು. "ನಿನ್ನ ಅಜ್ಜಿಗೆ ಹೇಳು, ಕಾಲಿನ ಮಾತ್ರೆ ತಂದಿಟ್ಟಿದ್ದೀನಿ." ಅಜ್ಜಿ ಅಲ್ಲೇ ಮೂರಡಿ ದೂರದಲ್ಲಿ ಕೂತಿರುವಳು. "ನಿಮ್ಮಪ್ಪಂಗೆ ಹೇಳು, ನೋಡ್ದೆ ಅಂತ."

"ನನಗೆ ಇಬ್ರೂ ಸಂಬಳ ಕೊಡಿ," ಎಂದಳು ಮೊಮ್ಮಗಳು ಒಂದು ದಿನ ಬ್ಯಾಗು ಹೆಗಲಿಗೇರಿಸುತ್ತ. "ಅಂಚೆಯವನಿಗೂ ಇಷ್ಟು ಓಡಾಟ ಇರಲ್ಲ. ಅಜ್ಜಿ, ಒಂದು ಕಪ್ಪು ಟೀ ಕುಡಿದ್ರೆ ಸ್ವರ್ಗದ ಬಾಗಿಲು ಹಾಕ್ತಾರಾ?"

"ಹಾಕಲ್ವೇನೋ. ನಾನು ಕೊಟ್ಟ ಮಾತು ಇದೆಯಲ್ಲ."

"ಮಗನಿಗಿಂತ ಮಾತು ದೊಡ್ಡದಾ?"

"ಅವನು ದೊಡ್ಡವನಾಗಿದ್ದಾನೆ ಕಣೇ. ಅವನಿಗೂ ಗೊತ್ತಾಗಲಿ."

ಏಣಿ ಇದನ್ನೆಲ್ಲ ಹಟಮಾರಿ ಮಗನೊಬ್ಬನ ಕೋಪ ಎಂದೇ ತಿಳಿದಿದ್ದ. ಸೇವೆಗೆ ಕಳಿಸುವ ಮೊದಲು ಕೊಟ್ಟ ತರಬೇತಿಯಲ್ಲಿ ಇಂಥ ವಿರೋಧದ ಬಗ್ಗೆ ಒಂದು ಇಡೀ ದಿನ ಹೇಳಿದ್ದರು. ಸಹಿಸಬೇಕು, ನಗಬೇಕು, ಮುಂದುವರಿಯಬೇಕು. ಅವನು ಹಾಗೆಯೇ ಮಾಡಿದ. ಫೋನಿನಲ್ಲಿ ಅಮ್ಮನಿಗೆ, "ಒಬ್ಬರು ಸಿಕ್ಕಿದ್ದಾರೆ" ಎಂದ. ಹಿಂದಿನಿಂದ ಅಪ್ಪನ ದನಿ ಬಂತು: "ಯಾರಂತೆ? ಕೇಳು, ಯಾರಂತೆ?"

ಹಾಸುಹೊದಿಕೆ ಹಿಂಡುವ ಒಂದು ದಿನ ಗಡಿಯಾರ ಹಿತ್ತಲ ಆ ತುದಿಯಲ್ಲಿ ಬಟ್ಟೆ ಕ್ಲಿಪ್ಪು ಹಾಕುತ್ತಿದ್ದ. ಈ ತುದಿಯಲ್ಲಿ ಸೊಸೆ ಮತ್ತು ಏಣಿ ಒಂದು ದೊಡ್ಡ ಹೊದಿಕೆಯ ಎರಡು ಕೊನೆ ಹಿಡಿದು ಎದುರುಬದುರು ತಿರುಚುತ್ತಿದ್ದರು. ನೀರು ದಪ್ಪ ಹಗ್ಗದಂತೆ ಇಳಿಯುತ್ತಿತ್ತು.

"ಅಕ್ಕ, ಅಣ್ಣನ ಕೋಪ ಯಾವಾಗ ಇಳಿಯಬಹುದು?" ಎಂದ ಏಣಿ.

"ಕೋಪ ಅಂದ್ಕೊಂಡಿದ್ದೀಯಾ ಅದನ್ನ?" ಸೊಸೆ ಇನ್ನೊಂದು ಸುತ್ತು ತಿರುಚಿದಳು. "ನಮ್ಮ ಮಾವ ತೀರಿಕೊಂಡಾಗ ಇವರು ಇನ್ನೂ ಚಿಕ್ಕೋರು. ಅತ್ತೆ ನೂಲಿನ ಗಿರಣಿಗೆ ಹೋಗ್ತಿದ್ರು, ಮೊದಲ ಪಾಳಿ. ಮಗ ಎದ್ದು ನೋಡಿದ್ರೆ ಅಮ್ಮ ಇರ್ತಿರಲಿಲ್ಲ. ಅಳ್ತಿದ್ರಂತೆ. ಅದಕ್ಕೆ ಅತ್ತೆ ಹೋಗೋ ಮುಂಚೆ ಎಬ್ಬಿಸಿ, ಅಷ್ಟು ಪುಟ್ಟ ಹುಡುಗನಿಗೆ ಅರ್ಧ ಕಪ್ಪು ಟೀ ಕೊಟ್ಟು ಪಕ್ಕದಲ್ಲಿ ಕೂರಿಸ್ಕೊಂಡು ಕುಡಿದು ಹೋಗ್ತಿದ್ರು. ಆಮೇಲೆ ಇವರಿಗೆ ಕೆಲಸ ಆಯ್ತು, ಮೊದಲ ಬಸ್ಸು. ಆಗಿಂದ ಅವರು ಇವರಿಗೋಸ್ಕರ ಏಳ್ತಾರೆ."

"ಏನು ಮಾತಾಡಿಕೊಳ್ಳುತ್ತಿದ್ದರು?"

"ಏನೂ ಇಲ್ಲ. ಕೂರ್ತಾರೆ, ಕುಡೀತಾರೆ. ಆ ಬೆಂಚು ನೋಡಿದ್ದೀಯಲ್ಲ, ಇಬ್ರಿಗೇ ಅಳತೆ. ನಾನು ಈ ಮನೆಗೆ ಬಂದು ಮಗಳು ಮದುವೆ ವಯಸ್ಸಿಗೆ ಬಂದ್ಲು. ಒಂದು ದಿನಾನೂ ಆ ಹೊತ್ತಲ್ಲಿ ಅಡುಗೆಮನೆಗೆ ಕಾಲಿಟ್ಟಿಲ್ಲ. ಎಚ್ಚರ ಆದ್ರೂ ಕಣ್ಣು ಮುಚ್ಚಿ ಮಲಗಿರ್ತಿದ್ದೆ." ಅವಳು ತನ್ನ ಕೊನೆಯನ್ನು ಅವನ ಕೈಗಿತ್ತಳು. "ನೀನು ಟೀ ಬಿಡಿಸ್ದೆ ಅಂದ್ಕೊಂಡೆ. ಬಿಡಿಸಿದ್ದು ಅದನ್ನ. ಹಿಡ್ಕೋ, ಕೆಳಗೆ ತಾಗ್ತಿದೆ."

ಏಣಿ ಹೊದಿಕೆಯನ್ನು ಹಗ್ಗಕ್ಕೆ ಹಾಕಿದ. ಅದರ ಹಿಂದೆ ಅವನ ಮುಖ ಕಾಣಲಿಲ್ಲ.

ಮರುದಿನ ಅವನೇ ಹಿತ್ತಲ ಬಾಗಿಲಲ್ಲಿ ಅಜ್ಜಿಗೆ ಹೇಳಿ ನೋಡಿದ. ಆತುರವಿಲ್ಲ, ಬೇಕಾದರೆ ಮುಂದಿನ ವರ್ಷವೂ ಆಗಬಹುದು, ಯೋಚಿಸಿ ಎಂದ.

"ಯಾಕೆ, ಮುಂದಿನ ವರ್ಷ ನಾನಿರ್ತೀನಿ ಅಂತ ನಿಮ್ಮ ಸಭೆ ಬರೆದುಕೊಡುತ್ತಾ?" ಎಂದಳು ಅಜ್ಜಿ. "ದೊಡ್ಡೋರು ಯಾವತ್ತು ಬರ್ತಾರೆ, ಅದು ಹೇಳು."

ದೊಡ್ಡವರೆಂದರೆ ಸಭೆಯ ಮೇಲ್ವಿಚಾರಕ. ದೀಕ್ಷೆಗೆ ಮುಂಚೆ ಅವನು ಬಂದು, ಪಾಠ ಹೇಳಿದವನನ್ನು ಮೊದಲು ಕೇಳಿ, ಆಮೇಲೆ ದೀಕ್ಷೆ ತೆಗೆದುಕೊಳ್ಳುವವರನ್ನು ಒಬ್ಬೊಬ್ಬರಾಗಿ ವಿಚಾರಿಸುವುದು ಪದ್ಧತಿ. ಅವನು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಏಣಿಗಿಂತ ಹತ್ತು ವರ್ಷ ದೊಡ್ಡವನಿರಬಹುದು, ಮೆತ್ತಗಿನ ಮಾತಿನವನು. ಮಗ ಡ್ಯೂಟಿಯ ಮೇಲಿದ್ದನೆಂದು ಅಜ್ಜಿ ಮುಂದಿನ ಕೋಣೆಯಲ್ಲೇ ಕೂರಿಸಿದ್ದಳು. ಸೊಸೆ ಇಸ್ತ್ರಿ ಮಾಡಿಕೊಟ್ಟ ತಿಳಿ ನೀಲಿ ಬಟ್ಟೆ ಉಟ್ಟು, ತಲೆ ಬಾಚಿ, ಪರೀಕ್ಷೆಗೆ ಬಂದವಳಂತೆ ಕೂತಿದ್ದಳು.

ಮೇಲ್ವಿಚಾರಕ ಮೊದಲು ಏಣಿಯನ್ನು ಮೆಟ್ಟಿಲ ಬಳಿ ಕರೆದ.

"ಅವರು ಸಿದ್ಧರಿದ್ದಾರಾ?"

ಏಣಿ ಗೋಡೆಯ ಸುಣ್ಣ ನೋಡುತ್ತ ನಿಂತ. ಸಿದ್ಧ ಎಂದರೆ ಬರುವ ತಿಂಗಳೇ ಸ್ನಾನ. ಊರಿನ ಫೋನಿನಲ್ಲಿ ಅಪ್ಪನ ಕುರ್ಚಿಯ ಸದ್ದು. ಮೂರು ವಾರದಿಂದ ಕೆಳಗಿನ ಹೊಗೆಕಿಂಡಿಯಲ್ಲಿ ಎರಡು ಕಪ್ಪು ಇಟ್ಟ ಸದ್ದು ಕೇಳಿಸಿರಲಿಲ್ಲ.

"ಇಲ್ಲ, ಸರ್. ಟೀ ಇನ್ನೂ ಪೂರ್ತಿ ಬಿಟ್ಟಿಲ್ಲ."

ಮೇಲ್ವಿಚಾರಕ ತಲೆಯಾಡಿಸಿದ. ಇಂಥದ್ದು ಅವನಿಗೆ ಹೊಸದಲ್ಲ. ಒಳಗೆ ಹೋಗಿ, ಕೂರದೆಯೇ, ಅಜ್ಜಿಯ ಎದುರು ಬಗ್ಗಿ ನಯವಾಗಿ ಹೇಳಿದ:

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಹಳೇ ಅಭ್ಯಾಸ ಒಂದೇ ಸಲಕ್ಕೆ ಹೋಗಲ್ಲ. ಟೀ ಪೂರ್ತಿ ಬಿಟ್ಟಮೇಲೆ ನಾನು ಮತ್ತೆ ಬರ್ತೀನಿ."

ಅಜ್ಜಿ ಅವನನ್ನು ನೋಡಿದಳು. ಅವಳ ಕಿವಿಗಳು ಕೆಂಪಾದವು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಎದ್ದು ನಿಂತಳು.

"ಯಾರ್ರೀ ಹೇಳಿದ್ದು ಬಿಟ್ಟಿಲ್ಲ ಅಂತ?"

ಕೇಳಿದವನು ಡ್ರೈವರ್. ಪಾಳಿ ಮುಗಿಸಿ ಬಂದು ಬಾಗಿಲಲ್ಲೇ ಒಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಇನ್ನೊಂದು ಕಾಲಲ್ಲೇ ಇತ್ತು.

"ನೀವು..." ಎಂದ ಮೇಲ್ವಿಚಾರಕ.

"ಮಗ. ನಮ್ಮಮ್ಮ ಟೀ ಬಿಟ್ಟು ವಾರಗಳಾಯ್ತು. ಒಂದು ಗುಟುಕು ಮುಟ್ಟಿಲ್ಲ. ನಾನೇ ಮಾಡಿ ಮುಂದೆ ಇಟ್ಟು ನೋಡಿದ್ದೀನಿ, ತಿರುಗಿ ನೋಡಿಲ್ಲ. ಮಾತು ಕೊಟ್ಟರೆ ತಪ್ಪೋ ಹೆಂಗಸಲ್ಲ ಅವಳು. ನನ್ನ ಮನೇಲಿ ನಿಂತು ಅವಳನ್ನ ಸುಳ್ಳಿ ಅನ್ನೋಕೆ ನೀವು ಯಾರು?"

"ನಾನು ಹಾಗೆ ಹೇಳಲಿಲ್ಲ. ನನಗೆ ತಿಳಿಸಿದ್ದು..." ಮೇಲ್ವಿಚಾರಕ ಏಣಿಯ ಕಡೆ ತಿರುಗಿದ. ಎಲ್ಲರೂ ತಿರುಗಿದರು.

"ಸುಳ್ಳು ಹೇಳಿದ್ದು ನಾನು," ಎಂದ ಏಣಿ.

ಅಜ್ಜಿ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದಳು.

"ಯಾಕೋ?"

"ಈ ಕುಟುಂಬದ ನೆಮ್ಮದಿಗಾಗಿ, ಅಜ್ಜಿ. ನನ್ನಿಂದ ನಿಮ್ಮಿಬ್ಬರ..." ಪುಸ್ತಕದ ಭಾಷೆ ಅವನಿಗೆ ಅಲ್ಲಿಗೇ ಮುಗಿಯಿತು. "ನಿಮ್ಮಿಬ್ಬರ ಬೆಳಿಗ್ಗೆ ಹಾಳಾಯ್ತು. ಅಕ್ಕ ಹೇಳಿದ್ರು. ನನಗೆ ಗೊತ್ತಿರಲಿಲ್ಲ."

"ನಿನ್ನನ್ನ ಯಾರು ಕೇಳಿದ್ರು?" ಅಜ್ಜಿಯ ದನಿ ಏರಲಿಲ್ಲ. "ನಮ್ಮಪ್ಪ ಮದುವೆ ಮಾಡ್ದ, ನನ್ನ ಕೇಳಲಿಲ್ಲ. ಗಂಡ ಗಿರಣಿಗೆ ಸೇರಿಸ್ದ, ಕೇಳಲಿಲ್ಲ. ಗಿರಣಿ ಬಿಡಿಸಿದ್ದು ಇವನು, ಇಗೋ ಬೂಟು ಹಿಡ್ಕೊಂಡು ನಿಂತಿದ್ದಾನಲ್ಲ, ಇವನು. ನನಗೆ ಒಳ್ಳೇದಾಗಲಿ ಅಂತಾನೇ ಎಲ್ರೂ ಮಾಡಿದ್ದು. ಈ ವಯಸ್ಸಲ್ಲಿ ಒಂದೇ ಒಂದು ನಾನೇ ಬಾಯಿಬಿಟ್ಟು ಕೇಳ್ದೆ. ಅದಕ್ಕೂ ಯಜಮಾನಿಕೆ ಮಾಡೋಕೆ ನೀನೊಬ್ಬ ಕಡಲು ದಾಟಿ ಬಂದ್ಯಾ?"

ಗಡಿಯಾರ ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತಿದ್ದ. ಡ್ರೈವರ್ ಕೈಯಲ್ಲಿದ್ದ ಬೂಟನ್ನು ನೆಲಕ್ಕಿಟ್ಟ.

"ನಾನು ಗಿರಣಿ ಬಿಡಿಸಿದ್ದು ನಿನ್ನ ಮಂಡಿ..." ಎಂದ.

"ಗೊತ್ತು. ಕೇಳ್ಬೇಕಿತ್ತು."

ಅವನು ಬೂಟನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿದ.

ಅಜ್ಜಿ ಮೇಲ್ವಿಚಾರಕನಿಗೆ ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ನೀವು ಕೇಳೋದೆಲ್ಲ ಕೇಳಿ. ಉಳಿದೋರೆಲ್ಲ ಹೊರಗೆ ಹೋಗಿ. ನೀನೂನೂ," ಎಂದು ಏಣಿಗೆ.

ಹೊರಗೆ ಅಂಗಡಿಯ ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕೂತರು, ಅರ್ಜಿ ಕೊಟ್ಟು ಕಾಯುವವರ ಹಾಗೆ. ಡ್ರೈವರ್ ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಕಾಲುಚೀಲ. ಸೊಸೆ ಎದ್ದು ಒಳಹೋಗಿ ಬ್ರೆಡ್ಡು ತಂದು ಹಂಚಿದಳು. ಏಣಿಗೂ, ಗಡಿಯಾರನಿಗೂ ಕೊಟ್ಟಳು. ಡ್ರೈವರ್ ನೋಡಿದ, ತನ್ನ ಪಾಲನ್ನು ಮುರಿದು ಬಾಯಿಗಿಟ್ಟ.

ಅಜ್ಜಿ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಳು. ಸ್ನಾನಕ್ಕೆ ಬರುವ ತಿಂಗಳ ಮೊದಲ ಭಾನುವಾರ ಗೊತ್ತಾಯಿತು. ಹೊರಗೆ ಬಂದ ಮೇಲ್ವಿಚಾರಕ ಏಣಿಯನ್ನು ಬೀದಿಯ ತಿರುವಿನವರೆಗೆ ಕರೆದುಕೊಂಡು ಹೋದ. ಬೈಯಲಿಲ್ಲ. ಈ ಊರಿನಲ್ಲಿ ಇನ್ನು ನೀನಿರುವುದು ಸರಿಯಲ್ಲ, ಬೇರೆ ಊರಿಗೆ ಹಾಕುತ್ತೇನೆ ಎಂದ. ಹೊರಡುವುದು ತಿಂಗಳ ಕೊನೆಗೆ. ಸ್ನಾನಕ್ಕೆ ಮುಂಚೆ. ಅಜ್ಜಿಯ ಕೈಹಿಡಿದು ನೀರಿಗಿಳಿಸುವವನು ಬೇರೆ ಯಾರಾದರೂ ಆಗಬೇಕು.

ಅಮ್ಮನಿಗೆ ಫೋನಿನಲ್ಲಿ ಏಣಿ ಅದನ್ನು ಹಾಗೆಯೇ ಹೇಳಿದ. ಈ ಸಲ ಅಪ್ಪ ಫೋನ್ ಇಸಿದುಕೊಂಡ.

"ಹಾಗಾದ್ರೆ ಆ ಅಜ್ಜಿ ನಿನ್ನ ಲೆಕ್ಕಕ್ಕೆ ಬರಲ್ವಾ?"

"ಇಲ್ಲಪ್ಪ. ಅವರು ಅವರ ಲೆಕ್ಕಕ್ಕೇ ಬರ್ತಾರೆ."

ಅಜ್ಜಿ ಏಣಿಯೊಡನೆ ಮಾತಾಡದೆ ಒಂದು ವಾರ ಕಳೆದಳು. ಆಮೇಲೊಂದು ಸಂಜೆ, ಅವನು ಹಗ್ಗದಿಂದ ಬಟ್ಟೆ ತೆಗೆಯುವಾಗ, ಹಿತ್ತಲ ಬಾಗಿಲಲ್ಲಿ ಬಂದು ನಿಂತಳು.

"ಹೋಗ್ತೀಯಂತೆ."

"ಹೌದು, ಅಜ್ಜಿ. ನಾನೇ ನಿಮ್ಮನ್ನು ನೀರಿಗಿಳಿಸಬೇಕೆಂದಿದ್ದೆ."

"ಯಾರು ಮುಳುಗಿಸಿದ್ರೂ ಒದ್ದೆ ಆಗೋಳು ನಾನೇ ತಾನೆ." ಅವಳು ಅವನ ತೋಳ ಮೇಲಿದ್ದ ಬಟ್ಟೆಯ ರಾಶಿ ನೋಡಿದಳು. "ಅಷ್ಟೂ ಒಟ್ಟಿಗೆ ಹೊತ್ಕೋಬೇಡ. ಬೀಳುತ್ತೆ."

ಹೊರಡುವ ದಿನ ಏಣಿಗೆ ನಸುಕಿನ ಬಸ್ಸೇ ಅನುಕೂಲವಾಗಿತ್ತು. ಹೊಸ ಜೊತೆಗಾರ ನಿಲ್ದಾಣದಲ್ಲೇ ಬಂದು ಸೇರುವುದೆಂದು ಗೊತ್ತಾಗಿದ್ದರಿಂದ ಗಡಿಯಾರನೂ ಅಲ್ಲಿಯವರೆಗೆ ಬಂದ, ಒಬ್ಬೊಬ್ಬರೇ ಇರುವಂತಿಲ್ಲ. ಬಸ್ಸಿನಲ್ಲಿ ಹೂವಿನ ಬುಟ್ಟಿಯ ಇಬ್ಬರು ಹೆಂಗಸರು, ಆಸ್ಪತ್ರೆಯ ಪಾಳಿಗೆ ಹೋಗುವ ಒಬ್ಬ ದಾದಿ, ತೂಕಡಿಸುವ ಕಾವಲುಗಾರ. ಡ್ರೈವರ್ ತನ್ನ ಸೀಟಿನಲ್ಲಿದ್ದ. ಏಣಿ ಟಿಕೆಟ್ಟಿನ ಹಣ ಕೊಡಲು ಹೋದಾಗ ಕೈ ತಳ್ಳಿದ.

"ಕೂತ್ಕೋ."

ಗಡಿಯಾರ ಹಿಂದಿನ ಸೀಟಿಗೆ ಹೋಗಿ ನಿದ್ದೆಹೋದ. ಏಣಿ ಪೆಟ್ಟಿಗೆಯನ್ನು ಮೊಣಕಾಲ ನಡುವೆ ಹಿಡಿದು ಮುಂದೆಯೇ ಕೂತ. ದೀಪದ ಕಂಬಗಳು, ಮುಚ್ಚಿದ ಅಂಗಡಿಗಳು, ಅವನು ತಟ್ಟಿದ್ದ ಬಾಗಿಲುಗಳು ಹಿಂದೆ ಸರಿದವು. ಅರ್ಧ ದಾರಿ ಕಳೆಯಿತು.

ಆಮೇಲೆ ಡ್ರೈವರ್, ಕಣ್ಣು ರಸ್ತೆಯ ಮೇಲೇ ಇಟ್ಟು, ಕೇಳಿದ:

"ಆ ಸ್ನಾನದ ತೊಟ್ಟಿ ಎಷ್ಟು ಆಳ?"

"ನನ್ನ ಸೊಂಟದವರೆಗೆ ಬರಬಹುದು."

"ನಿನ್ನ ಸೊಂಟ ಅಂದ್ರೆ ಅವಳ ಕುತ್ತಿಗೆ."

"ಹಿಡಿದುಕೊಳ್ಳಲು ಒಬ್ಬರು ಇರುತ್ತಾರೆ, ಅಣ್ಣ. ಒಂದೇ ಕ್ಷಣ. ತಕ್ಷಣ ಎತ್ತುತ್ತಾರೆ."

ಒಂದು ಸ್ಟಾಪಿನಲ್ಲಿ ಬಸ್ಸು ನಿಂತಿತು, ದಾದಿ ಇಳಿದಳು, ಬಸ್ಸು ಹೊರಟಿತು.

"ನೀರು ಬಿಸಿ ಇರುತ್ತಾ?"

ಏಣಿ ಬಾಯಿ ತೆರೆದ. ಸಭಾಮಂದಿರದ ಹಿಂಭಾಗದಲ್ಲಿ ಹೊದಿಕೆ ಮುಚ್ಚಿದ ಆ ತೊಟ್ಟಿಯನ್ನು ಅವನು ನೋಡಿದ್ದ. ಅದರ ಮೇಲೆ ಮಡಚಿದ ಕುರ್ಚಿಗಳನ್ನು ಪೇರಿಸಿಡುತ್ತಿದ್ದರು. ಅದರಲ್ಲಿ ನೀರು ತುಂಬಿದ್ದನ್ನು ಈ ಊರಿನಲ್ಲಿ ಅವನು ಒಮ್ಮೆಯೂ ಕಂಡಿರಲಿಲ್ಲ.

"ಗೊತ್ತಿಲ್ಲ."

"ಗೊತ್ತಿಲ್ವಾ?" ಡ್ರೈವರ್ ಮೊದಲ ಸಲ ಕನ್ನಡಿಯಲ್ಲಿ ಅವನನ್ನು ನೋಡಿದ. "ಬಿಸಿಲು ಮಳೆ ಅನ್ನದೆ ಮನೆಮನೆ ಬಾಗಿಲು ತಟ್ಟಿ ಮುಳುಗಿ, ಮುಳುಗಿ ಅಂತೀರಿ. ನೀರು ಹೇಗಿರುತ್ತೆ ಅಂತ ಯಾರೂ ಕೇಳಲಿಲ್ವಾ?"

"ಇಲ್ಲ, ಅಣ್ಣ. ನೀವೇ ಮೊದಲು."

ನಿಲ್ದಾಣ ಬಂತು. ಬುಟ್ಟಿಯವರು ಇಳಿದರು, ಕಾವಲುಗಾರ ಇಳಿದ. ಗಡಿಯಾರ ಕಣ್ಣುಜ್ಜಿಕೊಂಡು ಹಿಂದಿನ ಬಾಗಿಲಿಂದ ಇಳಿದು ಕೆಳಗೆ ನಿಂತ. ಏಣಿ ತಲೆ ಬಗ್ಗಿಸಿ ಮೆಟ್ಟಿಲಿಳಿದು, ಪೆಟ್ಟಿಗೆ ನೆಲಕ್ಕಿಟ್ಟು, ವಿದಾಯಕ್ಕೆಂದು ಕಲಿತಿಟ್ಟಿದ್ದ ವಾಕ್ಯ ಹೇಳಲು ತಿರುಗಿದ. ಡ್ರೈವರ್ ಅದಕ್ಕೆ ಅವಕಾಶ ಕೊಡಲಿಲ್ಲ. ಒಂದು ಕೈ ಗೇರಿನ ಮೇಲಿಟ್ಟು ಬಾಗಿಲ ಕಡೆ ಬಾಗಿದ.

"ವಿಚಾರಿಸಿ ಇವತ್ತೇ ಫೋನ್ ಮಾಡು. ತಣ್ಣೀರಾದ್ರೆ ನಾನು ಒಪ್ಪಲ್ಲ."